ಬೆಕ್ಕಿನ ಫೋಟೊ ಕೆಳಗೆ ತೂಕವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರು ಕಳಿಸಿದ ಸಾಕುಪ್ರಾಣಿಗಳ ಫೋಟೊ ಹಾಕಿದ್ದಿರಿ. ಅದರಲ್ಲಿ ಒಂದು ಬೆಕ್ಕು ಸೋಫಾದ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಹೊಟ್ಟೆ ಎರಡೂ ಕಡೆಗೆ ಚೆಲ್ಲಿತ್ತು. ಕೆಳಗೆ ‘ಉಂಡು ಮಲಗಿದ ಗುಂಡಣ್ಣ’ ಅಂತ ಬರೆದಿದ್ದಿರಿ. ನಮ್ಮ ಅಂಗಡಿಯಲ್ಲಿ ಎಲ್ಲರೂ ನೋಡಿ ನಕ್ಕರು. ಹೋದ ವರ್ಷವಾಗಿದ್ದರೆ ನಾನೂ ನಗುತ್ತಿದ್ದೆ, ನಮ್ಮ ಬೆಕ್ಕಿನ ಫೋಟೊವನ್ನೂ ಕಳಿಸುತ್ತಿದ್ದೆ. ಈ ಸಲ ನಗು ಬರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ಕತ್ತರಿಸಿ, ಸಿರಿಂಜಿನ ವಿಷಯ ಮಾತ್ರ ಬಿಡಬೇಡಿ.

ನಾನು ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ತೂಕ ನೋಡುವವನು. ಇಪ್ಪತ್ತಾರು ವರ್ಷವಾಯಿತು. ಅಡಿಕೆ, ಕರಿಮೆಣಸು, ಒಣಗಿದ ಕೊಕ್ಕೊ ಬೀಜ, ಏನೇ ಬರಲಿ ನನ್ನ ಕೈ ದಾಟಿಯೇ ಒಳಗೆ ಹೋಗಬೇಕು. ಗೋಣಿಯನ್ನು ಒಮ್ಮೆ ಎತ್ತಿ ನೋಡಿದರೆ ಅರ್ಧ ಕಿಲೋ ಆಚೀಚೆಯಲ್ಲಿ ತೂಕ ಹೇಳಿಬಿಡುತ್ತೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥ ನಾನು ದಿನಾ ಎತ್ತಿ ಮುದ್ದು ಮಾಡುತ್ತಿದ್ದ ಬೆಕ್ಕಿನ ತೂಕ ಎಷ್ಟಿದೆ, ಎಷ್ಟಾಗುತ್ತಿದೆ ಅಂತ ನೋಡಲೇ ಇಲ್ಲ ಅಂತ ಹೇಳುವುದಕ್ಕೆ ಬರೆದೆ.

ಬೆಕ್ಕಿನ ಹೆಸರು ಚಾಲಿ. ಮರಿಯಾಗಿದ್ದಾಗ ಹೊಸ ಚಾಲಿ ಅಡಿಕೆಯ ಹಾಗೆ ಬೆಳ್ಳಗಿದ್ದ. ಅಂಗಡಿಯಲ್ಲಿ ಇಲಿ ಗೋಣಿ ಕಚ್ಚುತ್ತವೆ ಅಂತ ತಂದದ್ದು. ಎರಡು ವರ್ಷ ಚೆನ್ನಾಗಿಯೇ ದುಡಿದ. ಆಮೇಲೆ ಬೇರೆ ಗಂಡು ಬೆಕ್ಕುಗಳ ಜೊತೆ ಕಚ್ಚಾಡಿ ಕಿವಿ ಹರಿದುಕೊಂಡು ಬರತೊಡಗಿದ. ಆಪರೇಶನ್ ಮಾಡಿಸಿ ಮನೆಗೆ ತಂದೆ. ಆಪರೇಶನ್ ಮಾಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಆಮೇಲೆ ಬೆಕ್ಕಿಗೆ ಹಸಿವು ಜಾಸ್ತಿ, ಖರ್ಚಾಗುವುದು ಕಮ್ಮಿ, ಊಟದ ಅಳತೆ ಇಳಿಸಬೇಕು ಅಂತ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಇಲಿಯೂ ಇಲ್ಲ, ಜಗಳವೂ ಇಲ್ಲ. ಜಗಲಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಜಗಲಿ. ಅಷ್ಟೇ ಓಡಾಟ.

ಊಟ ಏನು ಅಂದರೆ, ಪ್ಯಾಕೆಟ್ಟಿನ ಒಣ ಕಾಳು ಒಂದು ಗೆರಟೆಯಲ್ಲಿ ಯಾವಾಗಲೂ ತುಂಬಿಯೇ ಇರುತ್ತಿತ್ತು. ಖಾಲಿ ಕಂಡರೆ ಯಾರು ಹೋಗುತ್ತಾರೋ ಅವರು ತುಂಬುವುದು. ಮಧ್ಯಾಹ್ನ ಅಮ್ಮ ಬೂತಾಯಿ ಮೀನಿನ ತಲೆ ಹಾಕಿ ಕುಚ್ಚಲಕ್ಕಿ ಅನ್ನ ಕಲಸಿ ಕೊಡುವರು. ಸಂಜೆ ಹಾಲು. ರಾತ್ರಿ ನನ್ನ ಬಟ್ಟಲಿನಿಂದ ಏನಾದರೂ. ಕಾಯಿಲೆ ಗೊತ್ತಾದ ಮೇಲೆ ಒಂದು ದಿನ ಆ ಗೆರಟೆಯ ಕಾಳನ್ನು ಕರಿಮೆಣಸು ತೂಗುವ ಸಣ್ಣ ಯಂತ್ರದಲ್ಲಿಟ್ಟು ನೋಡಿದೆ. ಒಂದು ಸಲಕ್ಕೆ 65 ಗ್ರಾಂ. ದಿನಕ್ಕೆ ಎರಡು ಸಲವಂತೂ ತುಂಬುತ್ತಿದ್ದೆವು. ಪ್ಯಾಕೆಟ್ಟಿನ ಹಿಂದೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು, ನಾಲ್ಕು ಕಿಲೋದ ಬೆಕ್ಕಿಗೆ ದಿನಕ್ಕೆ ಸುಮಾರು 50 ಗ್ರಾಂ ಸಾಕು ಅಂತ. ಅದೂ ಬೇರೇನೂ ಕೊಡದಿದ್ದರೆ.

ಹಾಗೆ ತಿಂದು ದುಂಡಗಾದ. ನೋಡಿದವರೆಲ್ಲ ಹೊಗಳಿದರು. ‘ನಿಮ್ಮ ಪುಚ್ಚೆ ಎಂಥ ಚೆಂದ ಉಂಟು ಮಾರಾಯ್ರೆ’ ಅಂದರೆ ನನಗೂ ಒಳಗೊಳಗೇ ಖುಷಿ. ಎರಡು ವರ್ಷದ ಹಿಂದೆ ಹಬ್ಬಕ್ಕೆ ಬಂದ ಅಕ್ಕನ ಮಕ್ಕಳು ತಮಾಷೆಗೆ ಅವನನ್ನು ಅಂಗಡಿಯ ತಕ್ಕಡಿ ಮೇಲೆ ಕೂರಿಸಿದ್ದರು. 7.8 ಕಿಲೋ. ಆವತ್ತು ಆ ಅಂಕಿಯನ್ನು ಇಡೀ ಪೇಟೆಗೆ ಹೇಳಿಕೊಂಡು ಬಂದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಾಲಿ ಸ್ವಲ್ಪ ಸಣ್ಣಗಾದ. ಊಟ ಮಾತ್ರ ಮೊದಲಿಗಿಂತ ಜಾಸ್ತಿ. ತಿಂದರೂ ಸಣ್ಣಗಾಗುತ್ತಿದ್ದಾನಲ್ಲ, ಬೊಜ್ಜು ಕರಗುತ್ತಿದೆ, ಒಳ್ಳೆಯದಾಯಿತು ಅಂದುಕೊಂಡೆವು. ಆಮೇಲೆ ನೀರು. ತಟ್ಟೆಯ ನೀರು ಸಾಲದೆ ಬಚ್ಚಲಿನ ಬಕೆಟ್ಟಿಗೆ ಮುಂಗಾಲು ಊರಿ ನಿಂತು ಕುಡಿಯುವುದು. ಒಂದೇ ಸಮನೆ, ಲೆಕ್ಕ ಹಾಕುತ್ತ ನಿಂತರೆ ನಮಗೇ ಕಾಲು ನೋಯಬೇಕು, ಅಷ್ಟು ಹೊತ್ತು. ಹಿತ್ತಿಲ ಮೂಲೆಯಲ್ಲಿ ಅವನಿಗೆ ಅಂತ ಹಾಕಿದ್ದ ಮರಳಿನ ಗುಡ್ಡೆ ದಿನಾ ಒದ್ದೆ. ಮೊದಲು ನೋಡಿದ್ದು ಅಮ್ಮ. ಒಂದು ಬೆಳಗ್ಗೆ ಕರೆದು ತೋರಿಸಿದರು. ಆ ಒದ್ದೆ ಮರಳಿಗೆ ಕಟ್ಟಿರುವೆ ಸಾಲು ಹಿಡಿದಿತ್ತು. ಅಮ್ಮನಿಗೆ ಹದಿನಾಲ್ಕು ವರ್ಷದಿಂದ ಶುಗರ್. ‘ಇವನಿಗೂ ನನ್ನದೇ ಕಾಯಿಲೆ ಮಗಾ’ ಅಂದರು. ನಾನು ನಕ್ಕುಬಿಟ್ಟೆ. ಬೆಕ್ಕಿಗೆ ಶುಗರ್ ಬರುತ್ತದಾ ಅಂತ.

ಆಮೇಲೆ ನಡಿಗೆ ಬದಲಾಯಿತು. ಬೆಕ್ಕು ನಡೆಯುವುದು ತುದಿಬೆರಳಿನ ಮೇಲೆ ಅಲ್ವಾ. ಇವನು ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ತಾಗಿಸಿ ಮೊಲದ ಹಾಗೆ ನಡೆಯತೊಡಗಿದ. ಜಗಲಿಕಟ್ಟೆಗೆ ಹಾರಲು ಹೋಗಿ ಬಿದ್ದ. ಪೆಟ್ಟಾಗಿರಬೇಕು ಅಂತ ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಶುಗರ್ ಜಾಸ್ತಿ ದಿನ ಹಾಗೇ ಉಳಿದರೆ ನರ ಸೋತು ಹಾಗಾಗುತ್ತದಂತೆ. ಎಣ್ಣೆಯಿಂದ ಏನೂ ಆಗಲಿಲ್ಲ, ಬಾಯಿ ಚಪ್ಪರಿಸಿಕೊಂಡು ಅದನ್ನೂ ನೆಕ್ಕಿದ.

ಮೊದಲು ತೋರಿಸಿದ ಕಡೆ ರಕ್ತ ತೆಗೆದು ಶುಗರ್ 318 ಅಂದರು. ಬೆಕ್ಕಿಗೆ 150ರ ಒಳಗಿರಬೇಕು. ಆವತ್ತೇ ಇನ್ಸುಲಿನ್ ಬರೆದುಕೊಡುವ ಮಾತಾಯಿತು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಬೇರೊಬ್ಬ ಡಾಕ್ಟ್ರಮ್ಮನ ಹತ್ತಿರ ಹೋದೆ. ಅವರು ಮಲಯಾಳದವರು, ಕನ್ನಡ ಅರ್ಧಂಬರ್ಧ. ಚಾಲಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಹೊಟ್ಟೆಯ ಕೆಳಗೆ ಕೈ ಹಾಕಿ, ‘ಪೂಚ್ಚಯ್ಕ್ ಪೊಣ್ಣತ್ತಡಿಯಾಣಲ್ಲೊ’ ಅಂದರು. ಬೊಜ್ಜಿಗೆ ಮಲಯಾಳದಲ್ಲಿ ಹಾಗೆನ್ನುತ್ತಾರೆ. ಹೊನ್ನಿನ ಮಾತಿನ ಹಾಗೆ ಕೇಳಿಸುವ ಶಬ್ದ, ಅರ್ಥ ಮಾತ್ರ ಇದು. ತೂಗಿದರು: 6.9. ‘ಮೊದಲು ಎಷ್ಟಿತ್ತು?’ ಅಂದರು. 7.8 ಅಂದೆ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಗ ಲೆಕ್ಕ ಹಾಕಿದೆ. ಅರವತ್ತು ಕಿಲೋದ ಮನುಷ್ಯ ಏಳು ಕಿಲೋ ಇಳಿದ ಹಾಗೆ. ಅಂಗಡಿಯಲ್ಲಿ ಯಾರಾದರೂ ಹಾಗೆ ಸೊರಗಿ ಬಂದರೆ ‘ಏನಾಯಿತು ಮಾರಾಯ’ ಅಂತ ಕೇಳದೆ ಬಿಡುತ್ತೇವಾ?

ಅವರು ಹೇಳಿದ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಬೆಕ್ಕು ಹೆದರಿದರೆ ಆ ಹೆದರಿಕೆಗೇ ಶುಗರ್ ಏರುತ್ತದೆ. ಬುಟ್ಟಿಯಲ್ಲಿ ಹಾಕಿ, ಬಸ್ಸಿನಲ್ಲಿ ತಂದು, ನಾಯಿ ಬೊಗಳುವ ಕೋಣೆಯಲ್ಲಿ ಕೂರಿಸಿ, ಕಾಲು ಹಿಡಿದು ಸೂಜಿ ಚುಚ್ಚಿದರೆ ಕಾಯಿಲೆ ಇಲ್ಲದ ಬೆಕ್ಕಿಗೂ 300ರ ಆಚೆ ತೋರಿಸಬಹುದು. ಹಾಗಾಗಿ ಒಂದು ಅಂಕಿ ನೋಡಿ ಇನ್ಸುಲಿನ್ ಶುರು ಮಾಡುವ ಹಾಗಿಲ್ಲ. ಮೂತ್ರ ನೋಡಬೇಕು. ಫ್ರಕ್ಟೋಸಮೈನ್ ಅಂತ ಒಂದು ರಕ್ತಪರೀಕ್ಷೆ ಉಂಟು, ಹಿಂದಿನ ಎರಡು ವಾರದಷ್ಟು ದಿನ ಶುಗರ್ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತದೆ. ಅಮ್ಮನಿಗೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆ ಇದೆಯಲ್ಲ, ಅದೇ ಜಾತಿಯದು. ಒಂದು ದಿನದ ಹೆದರಿಕೆಗೆ ಅದು ಏರುವುದಿಲ್ಲ. ಒಂದೇ ಗೋಣಿಯ ಬಾಯಿ ಬಿಚ್ಚಿ ಮೇಲಿನ ಹಿಡಿ ನೋಡಿ ಇಡೀ ಲೋಡಿಗೆ ರೇಟು ಕಟ್ಟಬಾರದು, ತಳದವರೆಗೆ ಕೈ ಹಾಕಬೇಕು ಅಂತ ನಮ್ಮಲ್ಲಿ ಹೊಸ ಹುಡುಗರಿಗೆ ಕಲಿಸುತ್ತೇವೆ. ನನಗೆ ತಕ್ಷಣ ಅರ್ಥವಾಯಿತು.

ಬೆಕ್ಕಿನ ಮೂತ್ರ ಹಿಡಿಯುವುದು ಹೇಗೆ ಅಂತ ಕೇಳಬೇಡಿ ಅನ್ನುತ್ತಿದ್ದೆ, ಆದರೆ ಉಪಾಯ ಸುಲಭದ್ದು. ಮರಳಿನ ಬದಲು ಅಕ್ವೇರಿಯಂಗೆ ಹಾಕುವ ಗುಂಡು ಕಲ್ಲನ್ನು ಚೆನ್ನಾಗಿ ತೊಳೆದು ಒಣಗಿಸಿ ಟ್ರೇಯಲ್ಲಿ ಹರಡಿ, ಬೆಕ್ಕನ್ನು ಅದರ ಜೊತೆ ಒಂದು ಕೋಣೆಯಲ್ಲಿ ಬಿಡುವುದು. ಕಲ್ಲು ಹೀರುವುದಿಲ್ಲ, ಕೆಳಗೆ ನಿಂತದ್ದನ್ನು ಸಿರಿಂಜಿನಲ್ಲಿ ಎಳೆದುಕೊಳ್ಳಬಹುದು. ಚಾಲಿ ಅರ್ಧ ದಿನ ನಮ್ಮನ್ನು ಬೈಯುತ್ತ ಕೂತು ಕೊನೆಗೆ ಕೊಟ್ಟ. ಮೂತ್ರದಲ್ಲಿ ಸಕ್ಕರೆ ತುಂಬ ಇತ್ತು, ಪುಣ್ಯಕ್ಕೆ ಕೀಟೋನ್, ಅಂದರೆ ಶುಗರ್ ಕೈಮೀರಿದಾಗ ಮೂತ್ರದಲ್ಲಿ ಕಾಣಿಸುವ ಅಂಶ, ಇರಲಿಲ್ಲ. ರಕ್ತ ಹೊರಗಿನ ಲ್ಯಾಬಿಗೆ ಹೋಗಿ ನಾಲ್ಕು ದಿನದಲ್ಲಿ ವರದಿ ಬಂತು. ಅಮ್ಮ ಹೇಳಿದ್ದೇ ಸರಿ.

ಹಿಂದಿನ ವರ್ಷ ತುರಿಕೆಗೆ ಏನಾದರೂ ಇಂಜೆಕ್ಷನ್ ಕೊಡಿಸಿದ್ದಿರಾ ಅಂತಲೂ ಡಾಕ್ಟ್ರಮ್ಮ ಕೇಳಿದರು. ಕೊಡಿಸಿದ್ದೆ, ಮೂರು ಸಲ. ವಾರಗಟ್ಟಲೆ ಕೆಲಸ ಮಾಡುವ ಸ್ಟಿರಾಯ್ಡ್ ಅದು. ದಪ್ಪ ಬೆಕ್ಕಿನ ಮೈ ಮೊದಲೇ ಇನ್ಸುಲಿನ್ ಮಾತು ಕೇಳುವುದಿಲ್ಲ, ಅದರ ಮೇಲೆ ಸ್ಟಿರಾಯ್ಡ್ ಹೋದರೆ ಶುಗರ್ ತಲೆ ಎತ್ತಲು ಸುಲಭ. ಆಗ ತುರಿಕೆ ನಿಂತದ್ದು ನಿಜ, ನಾನೇ ಕೇಳಿ ಕೊಡಿಸಿದ್ದೂ ನಿಜ.

ಈಗ ಸಿರಿಂಜಿನ ವಿಷಯ.

ಡಾಕ್ಟ್ರಮ್ಮ ಬರೆದದ್ದು ಮನುಷ್ಯರಿಗೆ ಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್. ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್. ಬೆಳಗ್ಗೆ ಏಳು, ಸಂಜೆ ಏಳು. ಮನೆಯಲ್ಲಿ ಸೂಜಿ ಹಾಕುವ ಕೈ ಅಮ್ಮನದು. ಅವನು ತಟ್ಟೆಗೆ ಬಾಯಿ ಹಾಕಿದ ಹೊತ್ತಿಗೆ ಪಕ್ಕೆಯ ಚರ್ಮವನ್ನು ಡೇರೆಯ ಹಾಗೆ ಎತ್ತಿ ಬುಡಕ್ಕೆ ಚುಚ್ಚುವರು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ವಾರ ಔಷಧ ಅಂಗಡಿಯಲ್ಲಿ ಚೀಟಿಯಲ್ಲಿ ಬರೆದ ಸಿರಿಂಜ್ ಇರಲಿಲ್ಲ. ಮನೆಯಲ್ಲಿ ಅಮ್ಮನ ಡಬ್ಬಿ ತುಂಬ ಸಿರಿಂಜ್ ಇತ್ತಲ್ಲ, ಅದರಲ್ಲೇ ಒಂದು ಗೆರೆ ಎಳೆದು ಹಾಕಿದೆವು.

ಮೂರನೇ ದಿನ ಬೆಳಗ್ಗೆ ಚಾಲಿ ಅರ್ಧ ಊಟ ಬಿಟ್ಟ. ಸೂಜಿ ಮಾತ್ರ ಹಾಕಿಯಾಗಿತ್ತು. ಮಧ್ಯಾಹ್ನ ಅಮ್ಮ ಫೋನ್ ಮಾಡಿದರು, ಬೇಗ ಬಾ ಅಂತ. ಬಂದು ನೋಡಿದರೆ ಕಳ್ಳು ಕುಡಿದವರ ಹಾಗೆ ತೂರಾಡುತ್ತಿದ್ದಾನೆ. ಕಣ್ಣು ಎಲ್ಲೋ. ಕರೆದರೆ ತಿರುಗುವುದಿಲ್ಲ. ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ‘ಜೇನುತುಪ್ಪ ಉಂಟಾ? ವಸಡಿಗೆ ಹಚ್ಚಿ, ಬಾಯಿಗೆ ಸುರಿಯಬೇಡಿ, ಗಂಟಲಿಗೆ ಹೋಗ್ತದೆ’ ಅಂದರು. ಹಚ್ಚಿದೆ. ಬೆರಳು ನಡುಗುತ್ತಿತ್ತು, ಜೇನು ಅವನ ಮೀಸೆಗೆಲ್ಲ ಮೆತ್ತಿತು. ಆಗ ಅವರು ಕೇಳಿದ ಮುಂದಿನ ಪ್ರಶ್ನೆ: ‘ಸಿರಿಂಜಿನ ಮುಚ್ಚಳ ಯಾವ ಬಣ್ಣ?’

ಕೆಂಪು.

ವಿಷಯ ಏನೆಂದರೆ, ನಮ್ಮ ದೇಶದಲ್ಲಿ ಎರಡು ಬಲದ ಇನ್ಸುಲಿನ್ ಸಿಗುತ್ತದೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಇನ್ನೊಂದರಲ್ಲಿ 100. ಅಮ್ಮನ ಬಾಟಲಿ ಹಾಲಿನ ಹಾಗೆ ಬೆಳ್ಳಗಿರುವುದು, 40ರದ್ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಚಾಲಿಯದು ನೀರಿನ ಹಾಗೆ ತಿಳಿ, 100ರದ್ದು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಕೆಂಪು ಸಿರಿಂಜಿನಲ್ಲಿ ಒಂದು ಗೆರೆ ತಿಳಿ ಔಷಧ ಎಳೆದರೆ ಒಳಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ಮೂರು ದಿನ ಅವನಿಗೆ ಎರಡೂವರೆ ಪಟ್ಟು ಹಾಕಿದ್ದೆವು, ಶುಗರ್ ತೀರ ಇಳಿದು ತೂರಾಡಿದ್ದು ಅದಕ್ಕೇ. ಸೇರಿನ ಅಳತೆಗೆ ಕಿಲೋದ ಲೆಕ್ಕ ಬರೆದ ಹಾಗೆ. ತೂಕದವನ ಮನೆಯಲ್ಲಿ ಇದಾಯಿತು. ಆ ರಾತ್ರಿ ನಾನು ಮಲಗಲಿಲ್ಲ. ಅವನು ಹತ್ತು ನಿಮಿಷದಲ್ಲಿ ತಲೆ ಎತ್ತಿ, ಅರ್ಧ ಗಂಟೆಯಲ್ಲಿ ತಟ್ಟೆ ಹತ್ತಿರ ಹೋಗಿ ಕೂತ. ಆಮೇಲೆ ಆಸ್ಪತ್ರೆಗೂ ಒಯ್ದು ತೋರಿಸಿದೆವು.

ಬೆಕ್ಕಿನ ಮಾತು ಬಿಡಿ, ಮನೆಯಲ್ಲಿ ಇಬ್ಬರು ಶುಗರ್‌ನವರಿದ್ದು ಇಬ್ಬರಿಗೂ ಬೇರೆ ಬೇರೆ ಇನ್ಸುಲಿನ್ ಇದ್ದರೆ ಇದೇ ತಪ್ಪು ಮನುಷ್ಯರಿಗೂ ಆಗಬಹುದು. ಬಾಟಲಿಯ ಮೇಲಿನ 40, 100 ನೋಡಿ, ಅದೇ ಅಂಕಿಯ ಸಿರಿಂಜ್ ಕೇಳಿ. ನಮ್ಮ ಫ್ರಿಜ್ಜಿನಲ್ಲಿ ಈಗ ಎರಡು ಡಬ್ಬಿ. ಒಂದರ ಮೇಲೆ ‘ಅಮ್ಮ’, ಇನ್ನೊಂದರ ಮೇಲೆ ‘ಚಾಲಿ’ ಅಂತ ಗೋಣಿಗೆ ಗುರುತು ಹಾಕುವ ಮಾರ್ಕರಿನಲ್ಲಿ ದಪ್ಪಕ್ಕೆ ಬರೆದಿದ್ದೇನೆ.

ಇದನ್ನು ಯಾರೂ ಕನ್ನಡದಲ್ಲಿ ಬರೆದು ಕೊಡುವುದಿಲ್ಲ ಎಂಬ ಸಂಕಟವೂ ಉಂಟು. ನಮ್ಮ ಮನೆಯಲ್ಲಿ ತುಳು, ಓದಿದ್ದು ಕನ್ನಡ, ಡಾಕ್ಟ್ರ ಹತ್ತಿರ ಮಲಯಾಳ, ಔಷಧದ ಹಾಳೆ ಇಂಗ್ಲಿಷ್. ಬೆಕ್ಕು ಒಂದೇ. ಪಂಚಾಯತಿನ ದನದ ಆಸ್ಪತ್ರೆಗಳ ಗೋಡೆಗೆ, ಹಾಗೇ ಔಷಧ ಅಂಗಡಿಗಳಲ್ಲಿ, ಈ ಎರಡು ಮುಚ್ಚಳದ ಚಿತ್ರ ಹಾಕಿ ಮಲಯಾಳದ ಪಕ್ಕ ಕನ್ನಡದಲ್ಲೂ ಎರಡು ಸಾಲು ಬರೆದರೆ ಏನು ಖರ್ಚು?

ಇನ್ನು ಊಟ. ಬೆಕ್ಕು ಮಾಂಸ ತಿಂದು ಬದುಕಲೆಂದೇ ಹುಟ್ಟಿದ ಪ್ರಾಣಿ. ಅನ್ನ, ಹಿಟ್ಟಿನ ಅಂಶ ಒಟ್ಟಿಗೆ ಹೋದರೆ ಅದನ್ನು ಬೇಗ ನಿಭಾಯಿಸುವ ತಾಕತ್ತು ಅದರ ಲಿವರಿಗೆ ಕಮ್ಮಿ. ಒಣ ಕಾಳಿನಲ್ಲಿ ಹಿಟ್ಟು ಇರಲೇಬೇಕು, ಇಲ್ಲದಿದ್ದರೆ ಕಾಳು ಕಾಳಾಗಿ ನಿಲ್ಲುವುದಿಲ್ಲ. ಹಾಗಾಗಿ ಚಾಲಿಗೆ ಅನ್ನ, ಹಾಲು ನಿಂತಿತು. ಮಾಂಸದಂಶ ಜಾಸ್ತಿ ಇರುವ ಒದ್ದೆ ಆಹಾರ, ಅಳತೆ ಮಾಡಿ. ಬರೀ ಕೋಳಿ ಬೇಯಿಸಿ ಹಾಕಿದರೂ ಸಾಲದಂತೆ, ಬೆಕ್ಕಿಗೆ ಬೇಕಾದ ಕೆಲವು ಅಂಶ ಅದರಲ್ಲಿರುವುದಿಲ್ಲ. ಮೇಲಿಂದ ಒಂದು ಬೂತಾಯಿ ತಲೆ ಭಾನುವಾರಕ್ಕೆ, ಅದು ಅಮ್ಮನ ಹಟ. ಡಾಕ್ಟ್ರಮ್ಮ ಕಂಡೂ ಕಾಣದ ಹಾಗೆ ಬಿಟ್ಟರು.

ಇದನ್ನು ಓದಿ ಯಾರೂ ನಾಳೆಯಿಂದ ತಮ್ಮ ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ, ದಯವಿಟ್ಟು. ನಮ್ಮ ಹತ್ತಿರದ ಒಂದು ಮನೆಯಲ್ಲಿ ಹಾಗೇ ಮಾಡಿದರು. ಚಾಲಿಯನ್ನು ನೋಡಿ ಹೆದರಿ, ಒಂದೇ ದಿನದಲ್ಲಿ ಹಳೆ ಊಟ ನಿಲ್ಲಿಸಿ ಹೊಸದು ಇಟ್ಟರು. ಬೆಕ್ಕು ಮೂಸಿ ನೋಡಿ ಬಿಟ್ಟಿತು. ಹಸಿವಾದರೆ ತಿನ್ನುತ್ತದೆ ಬಿಡು ಅಂದರು. ನಾಲ್ಕು ದಿನ ತಿನ್ನಲಿಲ್ಲ. ಐದನೇ ದಿನ ಕಿವಿಯ ಒಳಭಾಗ, ಕಣ್ಣು ಎಲ್ಲ ಅರಸಿನ ಹಚ್ಚಿದ ಹಾಗೆ ಹಳದಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದೆ ಇದ್ದರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ನುಗ್ಗುತ್ತದೆ, ಲಿವರಿಗೆ ಅದನ್ನು ಸಾಗಿಸಲು ಆಗುವುದಿಲ್ಲ, ಅಲ್ಲೇ ತುಂಬಿಕೊಳ್ಳುತ್ತದೆ. ಆಮೇಲೆ ಮೂಗಿಗೋ ಕುತ್ತಿಗೆಗೋ ಕೊಳವೆ ಇಟ್ಟು ವಾರಗಟ್ಟಲೆ ಊಟ ಕೊಡುವುದೊಂದೇ ದಾರಿ. ಆ ಬೆಕ್ಕನ್ನು ಒಯ್ಯುವಾಗ ತಡವಾಗಿತ್ತು. ಆ ಮನೆಯ ಹುಡುಗಿ ಈಗಲೂ ಚಾಲಿಯನ್ನು ನೋಡಲು ಬರುತ್ತಾಳೆ, ಮಾತಾಡುವುದಿಲ್ಲ, ಸುಮ್ನೆ ಪಕ್ಕದಲ್ಲಿ ಕೂತು ಹೋಗುತ್ತಾಳೆ.

ಹೊಸದನ್ನು ಹಳೆಯದರ ಜೊತೆ ಬೆರೆಸಿ ವಾರ ಹತ್ತು ದಿನದಲ್ಲಿ ಬದಲಿಸಬೇಕು. ವಾರಕ್ಕೆ ಮೈತೂಕದ ನೂರಕ್ಕೆ ಒಂದು ಪಾಲು ಇಳಿದರೆ ಸಾಕು. ಚಾಲಿಯ ಲೆಕ್ಕದಲ್ಲಿ 69 ಗ್ರಾಂ, ಒಂದು ಹಿಡಿ ಕರಿಮೆಣಸು. ಅದಕ್ಕಿಂತ ಜೋರಾಗಿ ಇಳಿದರೆ ಖುಷಿ ಪಡಬೇಡಿ, ಫೋನ್ ಮಾಡಿ ಅಂದಿದ್ದರು ಡಾಕ್ಟ್ರಮ್ಮ. ತಕ್ಕಡಿ ಇಲ್ಲದವರಿಗೆ ಅವರು ಹೇಳುವ ಉಪಾಯ ಇದು: ನಿಮ್ಮ ಅಂಗೈ ಚಾಚಿ, ಆ ಕೈಯ ಹಿಂಭಾಗದ ಎಲುಬಿನ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ಬೆಕ್ಕಿನ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಅಂಗೈ ಒಳಭಾಗದ ಹಾಗೆ ಮೆತ್ತಗಿದ್ದರೆ ಬೊಜ್ಜು.

ಅಣ್ಣನ ಮಗ ಫೋನಿನಲ್ಲಿ ಹುಡುಕಿ, ಸೂಜಿ ಬೇಡ, ಅಮೆರಿಕದಲ್ಲಿ ಬೆಕ್ಕಿನ ಶುಗರಿಗೆ ಮಾತ್ರೆ ಬಂದಿದೆ ಅಂದ. ನಿಜ, ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಅಲ್ಲಿ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಒಮ್ಮೆ ಇನ್ಸುಲಿನ್ ಹಾಕಿಸಿಕೊಂಡ ಬೆಕ್ಕಿಗೆ ಅದನ್ನು ಕೊಡುವ ಹಾಗಿಲ್ಲ. ಅಪಾಯ ಬೇರೆಯೇ ಇದೆ, ಶುಗರ್ ಸರಿಯಿದ್ದ ಹಾಗೆ ಕಂಡರೂ ರಕ್ತದಲ್ಲಿ ಆಮ್ಲ ಏರಬಹುದು. ಅಲ್ಲಿಗೆ ಆ ಮಾತು ಬಿಟ್ಟೆವು.

ಆರನೇ ತಿಂಗಳಿಗೆ ಚಾಲಿಯ ಶುಗರ್ ತಾನಾಗಿ ಇಳಿಯತೊಡಗಿತು. ಮನೆಯಲ್ಲೇ ಕಿವಿಯಂಚಿಗೆ ಚುಚ್ಚಿ ನೋಡಲು ಕಲಿತಿದ್ದೆವು. ಅರ್ಧ ಯೂನಿಟ್ಟಿಗೆ ಇಳಿಸಿ, ಕೊನೆಗೆ ನಿಲ್ಲಿಸಿದರು. ಬೇಗ ಹಿಡಿದು, ತೂಕ ಇಳಿಸಿ, ಊಟ ಬದಲಿಸಿದರೆ ಕೆಲವು ಬೆಕ್ಕುಗಳಿಗೆ ಹೀಗಾಗುತ್ತದೆ. ಕಾಯಿಲೆ ರಜೆ ಹಾಕಿದೆ ಅಷ್ಟೇ, ರಾಜೀನಾಮೆ ಕೊಟ್ಟಿಲ್ಲ ಅಂತ ಡಾಕ್ಟ್ರಮ್ಮ ಎಚ್ಚರಿಸಿದ್ದಾರೆ. ಹಿಂಗಾಲು ಈಗ ಮುಕ್ಕಾಲು ಸರಿಯಾಗಿದೆ. ‘ಅವನ ಸೂಜಿ ನಿಂತಿತು, ನನ್ನದು ಯಾವಾಗ?’ ಅಂತ ಅಮ್ಮ ದಿನಕ್ಕೊಮ್ಮೆ ಕೇಳುತ್ತಾರೆ. ನೀವೂ ಅನ್ನ ಬಿಡಿ ಅಂದರೆ ಮಾತು ಬದಲಿಸುತ್ತಾರೆ.

ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಓದುಗರ ಬೆಕ್ಕಿನ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಹೆಸರು, ಊರು ಕೇಳುವಾಗ ತೂಕ ಎಷ್ಟು ಅಂತಲೂ ಕೇಳಿ. ಹೇಳಬೇಕೆಂದಾದರೂ ಜನ ತೂಗುತ್ತಾರೆ. ನಿಮ್ಮ ಆ ಗುಂಡಣ್ಣನ ಮನೆಯವರ ವಿಳಾಸ ನಿಮ್ಮ ಹತ್ತಿರ ಇದ್ದರೆ ಈ ಪತ್ರದ ಒಂದು ಪ್ರತಿ ಅವರಿಗೆ ತಲುಪಿಸಿ. ನೀರು ಎಷ್ಟು ಕುಡಿಯುತ್ತಾನೆ ಅಂತ ಒಮ್ಮೆ ನೋಡಲಿ.

ಚಾಲಿಯದೊಂದು ಫೋಟೊವನ್ನೂ ಇದರ ಜೊತೆ ಇಟ್ಟಿದ್ದೇನೆ. ಸೋಮವಾರ ಬೆಳಗ್ಗೆ ತೆಗೆದದ್ದು, ತಕ್ಕಡಿಯ ಮೇಲೆ ಬುಟ್ಟಿಯಲ್ಲಿ ಕೂತಿದ್ದಾನೆ, ಮುಖ ಗಂಟಿಕ್ಕಿದೆ. ಹಾಕುವುದಾದರೆ ಕೆಳಗೆ 5.42 ಕಿಲೋ ಅಂತ ಬರೆಯಿರಿ. ಬುಟ್ಟಿಯ ತೂಕ ಕಳೆದಿದ್ದೇನೆ.

ಇತಿ,
ಅಡಿಕೆ ಅಂಗಡಿಯ ತೂಕದವ,
ಬದಿಯಡ್ಕ, ಕಾಸರಗೋಡು